ಪಟಾಕಿ ಅಂಗಡಿಯ ದೀಪಕ್ಕೆ ಮರಳು ಸುರಿದ ಸಂಜೆ

ಸ್ನೇಹಾ, ಶರಣು,

ಹೋದ ದೀಪಾವಳಿಗೆ ನೀವಿಬ್ಬರೂ ಪಟಾಕಿ ಪೆಟ್ಟಿಗೆಯನ್ನು ದೇವರ ಮುಂದಿಟ್ಟು, ಅದಕ್ಕೆ ಕುಂಕುಮ ಹಚ್ಚಿ, ದೀಪ ಹಚ್ಚಲು ಕಡ್ಡಿ ಗೀರಿದಿರಿ. ನಾನು ಅಡುಗೆಮನೆಯಿಂದ ಓಡಿ ಬಂದು ಪೆಟ್ಟಿಗೆಯನ್ನು ಎಳೆದುಕೊಂಡು ಹೊರಗೆ ಹೋದೆ. ಶರಣು ಅತ್ತ. "ಎಲ್ಲರ ಮನೇಲೂ ಪೂಜೆ ಮಾಡೇ ಹೊಡೀತಾರಲ್ಲ ಅಜ್ಜಿ, ನಿಂಗೇನಾಯ್ತು?" ಅಂತ ಸ್ನೇಹಾ ಕೇಳಿದಳು. ನನಗೆ ಆಗ ಬಾಯಿಗೆ ಮಾತು ಬರಲಿಲ್ಲ. ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಹುಟ್ಟಿನಿಂದಲೇ ಬಾರದು. ಸುರಪುರ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದು ಈಗ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಇದು ನಿಮ್ಮ ಅಮ್ಮ ಹೈಸ್ಕೂಲಿನಲ್ಲಿ ಓದುತ್ತಿದ್ದಾಗಿನ ಮಾತು. ನಿಮ್ಮ ತಾತ ತೀರಿಕೊಂಡಿದ್ದರು. ನಾವಿಬ್ಬರೂ ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೆವು. ನಾನು ದಿನಾ ಬಸ್ಸು ಹಿಡಿದು ಶಿವಾಜಿನಗರದ ಒಂದು ಗಲ್ಲಿಗೆ, ಮಿಠಾಯಿ ಅಂಗಡಿಗಳಿಗೆ ರಟ್ಟಿನ ಪೆಟ್ಟಿಗೆ ಮಾಡಿಕೊಡುವ ಕೆಲಸಕ್ಕೆ ಹೋಗುತ್ತಿದ್ದೆ. ದೀಪಾವಳಿ ಹತ್ತಿರ ಬಂದಾಗ ನಮ್ಮ ಮಾಲೀಕರು ಪೆಟ್ಟಿಗೆ ಕೆಲಸ ನಿಲ್ಲಿಸಿ, ಹಲಸೂರಿನ ಒಂದು ಆಟದ ಮೈದಾನದಲ್ಲಿ ಪಟಾಕಿ ಅಂಗಡಿ ಹಾಕುತ್ತಿದ್ದರು. ನಮ್ಮನ್ನೇ ಅಲ್ಲಿಗೂ ಕರೆದುಕೊಂಡು ಹೋಗುತ್ತಿದ್ದರು. ನನ್ನ ಜೊತೆ ಅಂಟು ಹಚ್ಚುತ್ತಿದ್ದ ಹಲಸೂರಿನ ತಮಿಳು ಹೆಂಗಸೊಬ್ಬಳು ಇದ್ದಳು. ಅವಳು ಮಾತಿನ ಮಲ್ಲಿ, ನಾನು ಮೂಗಿ. ಅದಕ್ಕೇ ನಮಗೆ ಹೊಂದಿಕೆಯಾಗಿತ್ತು.

ಅಂಗಡಿ ಎಂದರೆ ಸರ್ವೆ ಕಂಬ ನೆಟ್ಟು ತಗಡು ಹೊದಿಸಿದ ಉದ್ದನೆಯ ಶೆಡ್ಡು. ನೆಲಕ್ಕೆ ಹಲಗೆ. ಮುಂದೆ ಮೇಜು ಹಾಕಿ ಗಿರಾಕಿಗಳಿಗೆ ಕೊಡುವ ಜಾಗ, ಅದರ ಪಕ್ಕದಲ್ಲಿ ಒಬ್ಬರು ನುಸುಳುವಷ್ಟು ಸಂದು. ಹಿಂದೆ ಒಂದು ಬಾಗಿಲು. ಮೊದಲನೆಯ ದಿನ ಅಗ್ನಿಶಾಮಕದವರು ಬಂದು ನೋಡಿದರು. ಎರಡೂ ಕಡೆ ದಾರಿ ತೆರೆದಿರಬೇಕು, ಡ್ರಮ್ಮಿನಲ್ಲಿ ನೀರು, ಡಬ್ಬಗಳಲ್ಲಿ ಮರಳು ಇರಬೇಕು, ವೈರು ಪೈಪಿನೊಳಗೆ ಹೋಗಬೇಕು, ಒಳಗೆ ಬೀಡಿ, ಬತ್ತಿ, ಕಡ್ಡಿ ಯಾವುದೂ ಕೂಡದು ಎಂದು ಹೇಳಿದರು. ಮಾಲೀಕರು ತಲೆಯಾಡಿಸಿದರು. ಅವರು ನಿಯಮ ತಿಳಿಯದವರಲ್ಲ. ಗಿರಾಕಿಗಳು "ಒಂದು ಹೊಡೆದು ತೋರಿಸ್ರೀ" ಎಂದರೆ, "ಮೈದಾನದ ಆಚೆ ಹೋಗಿ ಹೊಡ್ಕೊಳ್ಳಿ ಸಾರ್, ಇಲ್ಲಿ ಹೊಡೆದ್ರೆ ನಾನು, ನೀವು, ನಿಮ್ಮ ಸ್ಕೂಟ್ರು ಮೂರೂ ಒಟ್ಟಿಗೆ ರಾಕೆಟ್ಟು" ಎನ್ನುತ್ತಿದ್ದರು. ಗೋಡೆಗೆ ಲಕ್ಷ್ಮಿಯ ಪಟ ತೂಗುಹಾಕಿ, ಅದಕ್ಕೆ ಒಂದು ಕರೆಂಟಿನ ದೀಪ ಹಾಕಿದ್ದರು.

ನಮ್ಮ ಕೆಲಸಕ್ಕೂ ಒಂದು ಕ್ರಮ ಇತ್ತು. ನೂಲಿನ ಸೀರೆ ಉಡಬೇಕು, ಸೆರಗು ಸುತ್ತಿ ಸಿಕ್ಕಿಸಬೇಕು. ಪೆಟ್ಟಿಗೆಯನ್ನು ನೆಲದ ಮೇಲೆ ಎಳೆಯಬಾರದು, ಎತ್ತಿ ಇಡಬೇಕು. ಹೂಕುಂಡ, ನೆಲಚಕ್ರಗಳಿಂದ ಸೋರಿದ ಮದ್ದನ್ನು ಪೊರಕೆಯಿಂದ ಗುಡಿಸಬಾರದು. ಒದ್ದೆ ಬಟ್ಟೆಯಿಂದ ಒತ್ತಿ ತೆಗೆದು, ಆ ಬಟ್ಟೆಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿಡಬೇಕು. ನೆಲ ಒರೆಸುವ ಕೆಲಸ ನನ್ನದಾಗಿತ್ತು. ಹಾಗಾಗಿ ಆ ಶೆಡ್ಡಿನ ಯಾವ ಹಲಗೆಯ ಸಂದಿನಲ್ಲಿ ಏನಿದೆ ಎಂದು ನನ್ನ ಬೆರಳಿಗೆ ಗೊತ್ತಿತ್ತು.

ಅಂಗಡಿ ತೆರೆದ ಕೂಡಲೇ ಮಳೆ ಹಿಡಿಯಿತು. ಸಮುದ್ರದಲ್ಲಿ ವಾಯುಭಾರ ಕುಸಿದಿದೆಯಂತೆ, ಬಿಡುವ ಮಳೆಯಲ್ಲ ಎಂದರು. ತಗಡಿನ ಜೋಡಣೆಯಲ್ಲಿ ನೀರು ಇಳಿದು ಒಂದು ಬದಿಯ ಪೆಟ್ಟಿಗೆಗಳ ತಳ ನೆನೆಯಿತು. ಹೂಕುಂಡಗಳ ಮಣ್ಣು ಬಿರಿದು ಒಳಗಿನ ಮದ್ದು ಕಪ್ಪು ಕೆಸರಾಗಿ ಹಲಗೆಗಳ ಮೇಲೆ ಹರಿಯಿತು. ನಾವಿಬ್ಬರೂ ನೆನೆಯದ ಮಾಲನ್ನು ಮುಂದಕ್ಕೆ ಸಾಗಿಸಿದೆವು. ನೆಂದ ಪೆಟ್ಟಿಗೆಗಳನ್ನು ಇಡಲು ಬೇರೆ ಜಾಗವಿಲ್ಲದೆ ಹಿಂದಿನ ಬಾಗಿಲಿಗೆ ಒತ್ತಿ ಪೇರಿಸಿದೆವು. ಎದೆಯೆತ್ತರಕ್ಕೆ ಬಂತು.

ನಾನು ಧೈರ್ಯ ಮಾಡಿ ಮಾಲೀಕರ ಹತ್ತಿರ ಹೋದೆ. "ಸಾವ್ಕಾರ್ರ, ಹಿಂದಿನ ದಾರಿ ಬಂದ್ ಆಗ್ಯದ್ರಿ."

"ಗೊತ್ತಮ್ಮಾ. ಮಳೆ ನಿಲ್ಲಲಿ, ಮೊದಲು ಅದನ್ನೇ ತೆಗೆಸ್ತೀನಿ."

ಅವರ ಮುಖದಲ್ಲಿ ಕಳೆ ಇರಲಿಲ್ಲ. ಮಳೆಯಿಂದ ವ್ಯಾಪಾರ ಮಲಗಿತ್ತು. ಮನೆಯಲ್ಲಿ ಅವರ ತಂದೆ ಹಾಸಿಗೆ ಹಿಡಿದಿದ್ದರು. ವರ್ಷವೆಲ್ಲ ಆಸ್ಪತ್ರೆಗೆ ಅಲೆದು, ಈ ಹಬ್ಬದ ವ್ಯಾಪಾರವನ್ನೇ ನಂಬಿಕೊಂಡಿದ್ದರು. ನಾನು ಮತ್ತೆ ಹೇಳಲಿಲ್ಲ.

ಅಮಾವಾಸ್ಯೆಯ ದಿನ ಬಿಸಿಲು ಬಂತು. ಬೆಳಗಿನಿಂದಲೇ ಜನ ಮುಗಿಬಿದ್ದರು. ಫ್ರೇಜರ್ ಟೌನ್, ಇಂದಿರಾನಗರದ ಕಡೆಯಿಂದ ಕಾರು, ಸ್ಕೂಟರುಗಳಲ್ಲಿ ಬಂದರು. ಕೈಗೆ ಬಿಡುವಿಲ್ಲ. ಹಿಂದಿನ ಪೆಟ್ಟಿಗೆಗಳನ್ನು ತೆಗೆಯಲು ಯಾರಿಗೂ ಪುರುಸೊತ್ತಾಗಲಿಲ್ಲ. ತಗಡು ಕಾದು ಶೆಡ್ಡು ಒಲೆಯಂತಾಯಿತು. ಮಧ್ಯಾಹ್ನ ನೆಲ ಒರೆಸಲು ಕೂತಾಗ ನೋಡುತ್ತೇನೆ, ಹಲಗೆಯ ಸಂದಿನಲ್ಲಿದ್ದ ಕೆಸರೆಲ್ಲ ಒಣಗಿ ಪುಡಿಯಾಗಿತ್ತು. ಒದ್ದೆಯಾಗಿದ್ದಾಗ ಅದು ಬರೀ ಕೊಳೆ. ಒಣಗಿದ ಮೇಲೆ ಮತ್ತೆ ಮದ್ದು. ಮೇಲಿನದನ್ನು ಬಟ್ಟೆಯಲ್ಲಿ ತೆಗೆದೆ. ಹಲಗೆಯ ಕೆಳಗಿಳಿದದ್ದು ಕೈಗೆ ಸಿಗಲಿಲ್ಲ. ಹಲಗೆ ಕೀಳಿಸಬೇಕಿತ್ತು. ಮೇಲೆ ಜನ ನಿಂತಿದ್ದರು.

ಸಂಜೆ, ಇನ್ನೂ ಬೆಳಕಿರುವಾಗಲೇ, ಮಾಲೀಕರ ತಾಯಿ ಸೊಸೆಯ ಜೊತೆ ಆಟೋದಲ್ಲಿ ಬಂದಿಳಿದರು. ಕೈಯಲ್ಲಿ ಹಿತ್ತಾಳೆಯ ಜೋಡಿ ದೀಪ, ಹೂವು, ಬಾಳೆಹಣ್ಣು, ದೃಷ್ಟಿ ತೆಗೆಯಲು ಬೂದುಗುಂಬಳಕಾಯಿ, ಕರ್ಪೂರದ ಪೊಟ್ಟಣ. ಆಕೆ ಕೆಟ್ಟವರಲ್ಲ ಮಕ್ಕಳೇ. ಮಳೆಯ ದಿನಗಳಲ್ಲಿ ನಮಗೆ ಬಿಸಿ ಸಾರು ಅನ್ನ ಕಳಿಸಿದವರು ಅವರೇ.

"ಅಮ್ಮಾ, ಕರೆಂಟ್ ದೀಪ ಹಾಕಿದೀನಲ್ಲ," ಎಂದರು ಮಾಲೀಕರು, ಗಿರಾಕಿಗೆ ಪೊಟ್ಟಣ ಕೊಡುತ್ತಲೇ.

"ಕರೆಂಟ್ ದೀಪಕ್ಕೆ ಲಕ್ಷ್ಮಿ ಬರ್ತಾಳೇನೋ? ಬಿಲ್ಲು ತಗೊಂಡು ಕರೆಂಟಿನವನು ಬರ್ತಾನೆ."

ನಿಂತಿದ್ದ ಗಿರಾಕಿಗಳೂ ನಕ್ಕರು.

"ಇಲ್ಲಿ ಬೆಂಕಿ ತರೋ ಹಾಗಿಲ್ಲಮ್ಮಾ. ರೂಲ್ಸು."

"ಅಮಾವಾಸ್ಯೆ ದಿನ ಲಕ್ಷ್ಮಿ ಮುಂದೆ ದೀಪ ಇಲ್ದಿರೋ ಅಂಗಡಿ ಈ ಬೆಂಗಳೂರಲ್ಲಿ ಎಲ್ಲಾದ್ರೂ ಇದ್ಯಾ? ಇಷ್ಟು ದಿನ ಮಳೆ ಯಾಕೆ ಹುಯ್ತು, ಯೋಚನೆ ಮಾಡಿದ್ಯಾ? ನಿಮ್ಮಪ್ಪ ಅಲ್ಲಿ ಹಂಗೆ ಮಲಗಿದಾರೆ. ಐದು ನಿಮಿಷ ಕಣೋ. ನಾನೇ ಪಕ್ಕದಲ್ಲಿ ಕೂತಿರ್ತೀನಿ."

ತಂದೆಯ ಮಾತು ಬಂದ ಮೇಲೆ ಮಾಲೀಕರು ಗಿರಾಕಿಗಳ ಕಡೆ ತಿರುಗಿಕೊಂಡರು. ಆಕೆ ಒಳಗೆ ಬಂದು, ಪಟದ ಮುಂದಿನ ಜಾಗವನ್ನು ಸೆರಗಿನಿಂದ ಒರೆಸಿ, ರಂಗೋಲಿ ಎಳೆದು, ಮಣೆ ಇಟ್ಟರು. ಅದು ಹೂಕುಂಡಗಳು ಸೋರಿದ ಜಾಗ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನೀನು ಸ್ವಲ್ಪ ಆಚೆ ಇರಮ್ಮ, ಪೂಜೆ ಮುಗೀಲಿ," ಎಂದರು.

ಗಂಡ ಸತ್ತವಳು ದೀಪ ಹಚ್ಚುವ ಹೊತ್ತಿಗೆ ಎದುರಿಗೆ ಇರಬಾರದು. ಅದು ನನಗೆ ಅಭ್ಯಾಸವಾಗಿತ್ತು. ಹೇಳುವುದಕ್ಕೆ ಮುಂಚೆಯೇ ಎದ್ದಿದ್ದೆ. ಸಂದಿನಿಂದ ನುಸುಳಿ ಹೊರಗೆ ಬಂದು ಮರಳಿನ ಡಬ್ಬಗಳ ಹತ್ತಿರ ನಿಂತೆ.

ಹೊರಗಿನಿಂದ ನೋಡಿದಾಗ ಆ ಶೆಡ್ಡು ಇಡಿಯಾಗಿ ಕಂಡಿತು. ಒಳಗೆ ಮಾಲೀಕರು, ಅವರ ತಾಯಿ, ಸೊಸೆ, ನನ್ನ ಜೊತೆಗಾತಿ, ಮಾಲು ಇಳಿಸುವ ಆಳುಗಳು. ಹಿಂದೆ ದಾರಿಯಿಲ್ಲ. ಮುಂದೆ ಮೇಜು, ಮೇಜಿನಾಚೆ ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡ ಜನ. ಇಕ್ಕೆಲದಲ್ಲಿ ಸರಪಟಾಕಿಗಳು ತೋರಣದಂತೆ ತೂಗುತ್ತಿದ್ದವು. ಆ ತಾಯಿ ಬತ್ತಿ ಹೊಸೆದು ಎಣ್ಣೆ ಹಾಕಿ ಎರಡೂ ದೀಪ ಹಚ್ಚಿದರು. ಊದುಬತ್ತಿ ಹಚ್ಚಿ ಬಾಳೆಹಣ್ಣಿಗೆ ಚುಚ್ಚಿದರು. ಸೊಸೆ ಹೊಳೆಯುವ ಜಾರ್ಜೆಟ್ ಸೀರೆ ಉಟ್ಟಿದ್ದಳು, ಸೆರಗು ಇಳಿಬಿದ್ದಿತ್ತು. ಅವಳ ಕೈಯಲ್ಲಿ ಕುಂಬಳಕಾಯಿ, ಅದರ ಮೇಲೆ ಗುಡ್ಡೆ ಹಾಕಿದ ಕರ್ಪೂರ. ದೀಪದ ಪೂಜೆ ಮುಗಿದ ಮೇಲೆ ಆ ಕರ್ಪೂರ ಹೊತ್ತಿಸಿ, ಅಂಗಡಿಗೆ ನಿವಾಳಿಸಿ, ಹೊರಗೆ ಒಡೆಯುವುದು ಪದ್ಧತಿ.

ಪಕ್ಕದ ಅಂಗಡಿ ಶಿವಾಜಿನಗರದ ಒಬ್ಬ ಸಾಬರದು. ನಾವೆಲ್ಲ ಅವರನ್ನು ಭಾಯಿ ಎನ್ನುತ್ತಿದ್ದೆವು. ಅವರೂ ಹೊರಗೆ ಬಂದು ನಿಂತು ನೋಡುತ್ತಿದ್ದರು. ನಾನು ಅವರ ಬಳಿ ಹೋಗಿ, "ನೀವರೆ ಹೇಳ್ರಿ ಭಾಯಿ," ಎಂದೆ.

"ನಾನು ಹೆಂಗೆ ಹೇಳ್ಲಿ ಅಮ್ಮಾ? ಅವ್ರು ಪೂಜೆ ಮಾಡ್ತಾವ್ರೆ. ನಮ್ದು ಬಾಯಿಂದ ದೀಪ ತೆಗೀರಿ ಅಂತ ಬಂದ್ರೆ, ನಾಳೆ ಈ ಮೈದಾನದಲ್ಲಿ ಮಾತು ಬೇರೇನೇ ಆಗೋಗ್ತದೆ."

ಅದು ನಿಜವಾಗಿತ್ತು. ನಾನು ಸಂದಿನ ಹತ್ತಿರ ಬಂದು ಜೊತೆಗಾತಿಯನ್ನು ಕರೆದೆ. "ನೀ ಹೇಳವ್ವ. ಆ ಹಲಗಿ ಬುಡಕ ಮದ್ದು ಅದ."

ಅವಳು ಬಾಯಿಯ ಮೇಲೆ ಬೆರಳಿಟ್ಟಳು. "ಸುಮ್ನಿರಕ್ಕಾ. ದೊಡ್ಡಮ್ಮ ಕಣ್ಣು ಮುಚ್ಕೊಂಡು ದೊಡ್ಡ ಯಜಮಾನ್ರಿಗೋಸ್ಕರ ಸಾಮಿ ಹತ್ರ ಕೇಳ್ಕೋತಾವ್ರೆ. ಈಗ ಹೋಗಿ ನಾನು ಏನಂತ ಹೇಳ್ಲಿ?"

ಆಗ ಗಾಳಿ ಎದ್ದಿತು. ಮಳೆ ನಿಂತ ಮೇಲೆ ಸಂಜೆ ಬೀಸುತ್ತದಲ್ಲ, ಅಂಥದ್ದು. ಮಾಲಿನ ಕೆಳಗೆ ಹಾಸಿದ್ದ ಹಳೆಯ ಪತ್ರಿಕೆಗಳು ಪಟಪಟ ಎಂದವು. ದೀಪದ ಕುಡಿ ಪೂರ್ತಿ ಬಾಗಿ ಮಲಗಿತು, ಮತ್ತೆ ಎದ್ದಿತು. ಊದುಬತ್ತಿಯ ತುದಿಯಿಂದ ಒಂದು ಕೆಂಪು ಚೂರು ಉದುರಿ ಮಣೆಯ ಮೇಲೆ ಬಿತ್ತು. ಮಾಲೀಕರು ಅದನ್ನು ನೋಡಿದರು. ನೋಡಿ, ಬೆರಳಿನಿಂದ ಒತ್ತಿ ಆರಿಸಿದರು. ಆಮೇಲೆ ತಲೆಯೆತ್ತಿದಾಗ ನನ್ನ ಮುಖ ಕಂಡಿತು. ಇಬ್ಬರಿಗೂ ಒಂದೇ ವಿಷಯ ಗೊತ್ತಿತ್ತು. ಅವರು ಕಣ್ಣು ತಿರುಗಿಸಿದರು.

ಸೊಸೆ ಕುಂಬಳಕಾಯಿಯನ್ನು ಮುಂದೆ ಹಿಡಿದಳು. ತಾಯಿ ಕಡ್ಡಿಪೆಟ್ಟಿಗೆಗೆ ಕೈ ಹಾಕಿದರು.

ನಾನು ಆಗ ಏನು ಯೋಚಿಸಿದೆ ಎಂದು ನಿಮಗೆ ಸರಿಯಾಗಿ ಹೇಳಬೇಕು. ಕೂಗಿದರೆ ಜನ ಬೆದರಿ ನುಗ್ಗುತ್ತಾರೆ, ಮೇಜು ಉರುಳುತ್ತದೆ, ದೀಪ ಬೀಳುತ್ತದೆ. ದೀಪವನ್ನು ಎತ್ತಿ ಹೊರಗೆ ತರೋಣವೆಂದರೆ ಎರಡೂ ಕಡೆ ಸರಪಟಾಕಿ, ದಾರಿಯೋ ಒಬ್ಬರು ನುಸುಳುವ ಸಂದು. ಊದಿದರೆ ಕಿಡಿ ಹಾರುತ್ತದೆ. ಉರಿಯುವ ಎಣ್ಣೆಗೆ ನೀರು ಹಾಕಿದರೆ ಸಿಡಿಯುತ್ತದೆ. ಅದು ಇರುವ ಜಾಗದಲ್ಲೇ ಉಸಿರು ಕಟ್ಟಬೇಕು. ಅದಕ್ಕೆ ಮರಳು ಒಂದೇ.

ದೀಪ ಆರಿಸು ಎಂಬ ಮಾತನ್ನೂ ನಮ್ಮಲ್ಲಿ ಆಡುವುದಿಲ್ಲ, ಶಾಂತ ಮಾಡು ಎನ್ನುತ್ತೇವೆ. ಅಮಾವಾಸ್ಯೆಯ ಲಕ್ಷ್ಮಿಯ ದೀಪ, ಅದೂ ಕಾಯಿಲೆ ಬಿದ್ದು ಮಲಗಿದ ಗಂಡನಿಗಾಗಿ ಒಬ್ಬ ಮುತ್ತೈದೆ ಹಚ್ಚಿದ್ದು. ಅದನ್ನು ಒಬ್ಬ ವಿಧವೆ ಮುಟ್ಟುವುದು ಎಂದರೇನು ಎಂದು ನನಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಮೇಜಿನ ಮುಂದೆ ಒಂದು ಕೂಸು ಅಪ್ಪನ ಹೆಗಲ ಮೇಲೆ ಕೂತು, ತೂಗುತ್ತಿದ್ದ ಸರಪಟಾಕಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಆಡುತ್ತಿತ್ತು.

ಮರಳಿನ ಡಬ್ಬ ಎತ್ತಿಕೊಂಡು ಸಂದಿನಿಂದ ಒಳಗೆ ಹೋದೆ. ಮಣೆಯ ಮುಂದೆ ಕೂತು ಮೊದಲು ಒಂದು ದೀಪದ ಮೇಲೆ, ಆಮೇಲೆ ಇನ್ನೊಂದರ ಮೇಲೆ, ಮೆಲ್ಲಗೆ, ಕಿಡಿ ಏಳದ ಹಾಗೆ ಸುರಿದೆ. ಊದುಬತ್ತಿಗಳನ್ನು ಮರಳಿಗೆ ಚುಚ್ಚಿ ಮುರಿದೆ. ಕಡ್ಡಿಪೆಟ್ಟಿಗೆಯನ್ನು ಆ ತಾಯಿಯ ಕೈಯಿಂದ ತೆಗೆದುಕೊಂಡೆ. ಆಕೆ ಕೊಟ್ಟೂ ಬಿಟ್ಟರು. ಏನಾಗುತ್ತಿದೆ ಎಂದು ಇನ್ನೂ ತಿಳಿದಿರಲಿಲ್ಲ.

ಆಮೇಲೆ ಆಕೆ ಮಣೆಯನ್ನು ನೋಡಿದರು. ದೀಪ ಇದ್ದಲ್ಲಿ ಎರಡು ಮರಳಿನ ಗುಡ್ಡೆ.

"ಅಯ್ಯೋ, ಏನ್ ಮಾಡ್ಬಿಟ್ಯೇ! ನನ್ನ ಮನೆಗೆ ಮಣ್ಣು ಹಾಕ್ಬಿಟ್ಯಲ್ಲೇ! ಆಚೆ ಇರು ಅಂದ್ನಲ್ಲೇ ನಿಂಗೆ... ನಿನ್ನ ಹಾಗೇ ಮಾಡ್ಬೇಕು ಅಂತ ಬಂದ್ಯಾ ನನ್ನ?"

ಕೈಯಿಂದ ಮರಳನ್ನು ಕೆದಕತೊಡಗಿದರು. ಬತ್ತಿ ಸಿಕ್ಕಿತು, ಉರಿ ಸಿಗಲಿಲ್ಲ. ಅಳುತ್ತ ಅಲ್ಲೇ ಕುಸಿದರು. ಸೊಸೆ ಕುಂಬಳಕಾಯಿ ಹಿಡಿದುಕೊಂಡು ನಿಂತೇ ಇದ್ದಳು.

ಗಿರಾಕಿಗಳಲ್ಲಿ ಯಾರೋ, "ಅವಳು ಮಾಡಿದ್ದು ಸರಿ ಕಣ್ರೀ, ಪಟಾಕಿ ಅಂಗ್ಡೀಲಿ ಯಾರಾದ್ರೂ ದೀಪ ಇಡ್ತಾರಾ?" ಎಂದರು. ಇನ್ನೊಬ್ಬರು, "ಹಾಗಂತ ದೇವರ ದೀಪಕ್ಕೆ ಮರಳು ಹಾಕೋದಾ? ಅದೂ ಇಂಥವಳು?" ಎಂದರು. ಮಾಲೀಕರು ನನ್ನ ಕಡೆ ನೋಡದೆ, "ಹೋಗಮ್ಮಾ. ಈಗ ಇಲ್ಲಿಂದ ಹೋಗ್ಬಿಡು," ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದಾಗ ಭಾಯಿ ಎರಡೂ ಕೈಯಲ್ಲಿ ಮರಳಿನ ಬಕೆಟ್ಟು ಹಿಡಿದು ನಿಂತಿದ್ದರು. "ನಾನೂ ಹಿಡ್ಕೊಂಡೇ ನಿಂತಿದ್ದೆ ಅಮ್ಮಾ. ಕಾಲು ಬರ್ಲಿಲ್ಲ," ಎಂದರು.

ಕೋಣೆಗೆ ಬಂದು ನಿಮ್ಮ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಕಣ್ಣರಳಿಸಿ, "ಅಷ್ಟು ಜನದಾಗ ನೀ ಏನಂದಿ ಅವ್ವ?" ಎಂದು ಕೇಳಿದಳು. ಯೋಚಿಸಿ ನೋಡಿದರೆ, ಮರಳು ಹಿಡಿದು ಒಳಗೆ ಹೋದ ಮೇಲೆ ನಾನು ಒಂದು ಮಾತೂ ಆಡಿರಲಿಲ್ಲ.

ಆ ದಿನ ಅಲ್ಲಿ ಬೆಂಕಿ ಬೀಳಲಿಲ್ಲ. ನನ್ನನ್ನು ಇಷ್ಟು ವರ್ಷ ಕಾಡಿದ್ದು ಅದೇ. ಬೆಂಕಿ ಬಿದ್ದಿದ್ದರೆ ದೀಪ ಇಟ್ಟದ್ದು ತಪ್ಪು ಎಂದು ಎಲ್ಲರೂ ಹೇಳುತ್ತಿದ್ದರು. ಬೀಳದೆ ಇದ್ದದ್ದರಿಂದ ಮರಳು ಹಾಕಿದ್ದಷ್ಟೇ ಉಳಿಯಿತು. ನಾನು ಸುಮ್ಮನಿದ್ದರೂ ಬೀಳುತ್ತಿರಲಿಲ್ಲವೇನೋ. ಐದು ನಿಮಿಷ ಎಂದಿದ್ದರು. ಐದು ನಿಮಿಷದಲ್ಲಿ ದೀಪ ತಾನಾಗಿ ತಣ್ಣಗಾಗುತ್ತಿತ್ತೇನೋ. ಇದಕ್ಕೆ ಉತ್ತರ ಯಾರ ಹತ್ತಿರವೂ ಇಲ್ಲ.

ಪೆಟ್ಟಿಗೆ ಕೆಲಸಕ್ಕೆ ಮತ್ತೆ ಕರೆ ಬರಲಿಲ್ಲ. ಸಿ.ವಿ. ರಾಮನ್ ನಗರದ ಒಂದು ಚಿಕ್ಕ ಶಿಶುವಿಹಾರದಲ್ಲಿ ಆಯಾ ಆಗಿ ಸೇರಿಕೊಂಡೆ. ಸಂಕ್ರಾಂತಿ ಕಳೆದ ಮೇಲೆ ಜೊತೆಗಾತಿ ಹುಡುಕಿಕೊಂಡು ಬಂದಳು. ಮಾಲೀಕರ ತಂದೆ ತೀರಿಕೊಂಡರು ಎಂದಳು.

"ಡಾಕ್ಟ್ರು ಮೊದ್ಲೇ ಕೈ ಬಿಟ್ಟಿದ್ರಂತೆ ಅಕ್ಕಾ. ಆದ್ರೂ ದೊಡ್ಡಮ್ಮ ನಿನ್ನ ಹೆಸ್ರೇ ಹೇಳ್ಕೊಂಡು ಅಳ್ತಾವ್ರೆ. ನೀನು ಮನ್ಸಿಗೆ ಹಾಕೋಬೇಡ."

ಮನಸ್ಸಿಗೆ ಹಾಕಿಕೊಳ್ಳದೆ ಹೇಗಿರಲಿ? ಆ ತಾಯಿಯ ಕೈಯ ಬಳೆ ತೆಗೆಯುವಾಗ, ಹಣೆ ಒರೆಸುವಾಗ ಏನಾಗಿರುತ್ತದೆ ಎಂದು ಬಲ್ಲವಳು ನಾನು. ಕಾಯಿಲೆಯಿಂದ ಸತ್ತರು ಎಂದು ತಲೆಗೆ ಗೊತ್ತು. ಆದರೂ ಅಂದು ಸರಿಯಾಗಿ ಊಟ ಸೇರಲಿಲ್ಲ. ಮಾತಾಡಿಸಿಕೊಂಡು ಬರೋಣವೆಂದರೆ, ಆ ಮನೆಯ ಬಾಗಿಲಿಗೆ ಹೋಗುವ ಮುಖ ನನಗಿರಲಿಲ್ಲ.

ಮುಂದಿನ ದೀಪಾವಳಿ ಹತ್ತಿರ ಬಂದಾಗ ಒಂದು ದಿನ ಮಾಲೀಕರೇ ಶಿಶುವಿಹಾರದ ಗೇಟಿನ ಹತ್ತಿರ ಬಂದು ನಿಂತಿದ್ದರು. ತಲೆಗೂದಲು ಬಹಳ ಬೆಳ್ಳಗಾಗಿತ್ತು. ನಾನು ಕೈ ಮುಗಿದೆ.

"ಈ ವರ್ಷನೂ ಮೈದಾನದಲ್ಲಿ ಅಂಗಡಿ ಹಾಕ್ತಿದೀವಿ," ಎಂದರು. "ನೀವು ಹಲಸೂರಿಗೆ ನಿಮ್ಮ ಜೊತೆಗಾತಿ ಮನೆಗೆ ಬರ್ತಿರ್ತೀರಂತೆ. ಈ ಹಬ್ಬ ಮುಗಿಯೋವರೆಗೂ ಮೈದಾನದ ಕಡೆ ಬರಬೇಡಿ ಅಂತ ಹೇಳೋಕೆ ಬಂದೆ. ಅಮ್ಮ ಅಂಗಡಿಗೆ ಬರ್ತಾರೆ. ನಿಮ್ಮನ್ನ ನೋಡಿದ್ರೆ ತಡ್ಕೊಳ್ಳಲ್ಲ."

"ಬರಂಗಿಲ್ರಿ," ಎಂದೆ.

ಅವರು ಹೊರಡಲಿಲ್ಲ. ನಾನೂ ಗೇಟು ಬಿಟ್ಟು ಒಳಗೆ ಹೋಗಲಿಲ್ಲ. ಕೇಳಲೇಬೇಕಾದದ್ದು ಒಂದೇ ಇತ್ತು.

"ದೀಪ ಎಲ್ಲಿ ಇಡ್ತೀರಿ ಸಾವ್ಕಾರ್ರ?"

"ಗೇಟಿನ ಆಚೆ, ರೋಡ್ ಪಕ್ಕ. ಈಗ ನನ್ನ ಹೆಂಡ್ತಿ ಹಚ್ಚೋದು. ಕುಂಬಳಕಾಯೂ ಅಲ್ಲೇ."

"ಅಮ್ಮಾರು ಒಪ್ಪಿದ್ರೇನ್ರಿ?"

"ಎಲ್ಲಿ ಒಪ್ತಾರೆ? ರೂಲ್ಸು ಅಂದೆ, ಕೇಳ್ಲಿಲ್ಲ. ಬೆಂಕಿ ಬೀಳತ್ತೆ ಅಂದೆ, ಹೋದ ವರ್ಷ ಬಿತ್ತಾ ಅಂದ್ರು." ಅವರು ನೆಲ ನೋಡಿದರು. "ಕೊನೆಗೆ ನಾನೇ ಒಂದು ಮಾತು ಅಂದ್ಬಿಟ್ಟೆ ಅಮ್ಮಾ, ತಪ್ಪು ತಿಳ್ಕೋಬೇಡಿ. ಒಳಗೆ ದೀಪ ಇಟ್ರೆ ಆ ಯಮ್ಮ ಎಲ್ಲಿಂದಾನೋ ಬಂದು ಮತ್ತೆ ಮರಳು ಹಾಕ್ತಾಳೆ, ನೋಡು ಅಂದೆ. ತಕ್ಷಣ ಹೂಂ ಅಂದ್ರು. ನಿಮ್ಮ ಕೈಗೆ ಮರಳು ಸಿಗದ ಹಾಗೆ ಆಚೆ ಇಡೋಣ ಅಂದ್ರು."

ನನಗೆ ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ. "ಪ್ರತಿ ವರ್ಷ ಹಾಂಗೇ ಹೇಳ್ರಿ," ಎಂದೆ. ಅವರು ತಲೆಯಾಡಿಸಿ ಹೋದರು. ನಾನು ಆ ಹಬ್ಬಕ್ಕೆ ಹಲಸೂರಿನ ಕಡೆ ಕಾಲಿಡಲಿಲ್ಲ. ಅದರ ಮುಂದಿನ ಹಬ್ಬಗಳಿಗೂ ಇಡಲಿಲ್ಲ.

ಆ ಮನೆಯಲ್ಲಿಯೂ ಮೊಮ್ಮಕ್ಕಳಿದ್ದಾರೆ. ಅವರಿಗೆ ಅಜ್ಜಿ ಈ ಕಥೆಯನ್ನು ಹೇಳಿಯೇ ಇರುತ್ತಾರೆ, ದೀಪ ನುಂಗಲು ಬಂದ ಒಬ್ಬ ಹೆಂಗಸಿನ ಕಥೆಯಾಗಿ. ಹೇಳಲಿ. ಅದನ್ನು ಕೇಳಿ ಆ ಮಕ್ಕಳು ಪಟಾಕಿಯ ಹತ್ತಿರ ಬೆಂಕಿ ಇಡಲು ಹೆದರಿದರೆ ನನಗೆ ಅಷ್ಟು ಸಾಕು. ನೀವು ಮಾತ್ರ ನನ್ನ ಕಡೆಯಿಂದಲೂ ಒಂದು ಸಲ ಓದಿಕೊಳ್ಳಿ. ಈ ಹಾಳೆಗಳನ್ನು ನೀರು ತಾಗದ ಕಡೆ, ಇಲಿ ಸೇರದ ಕಡೆ ಜೋಪಾನವಾಗಿ ಇಡಿ. ಬಾಯಲ್ಲಿ ಇದನ್ನು ಇನ್ನೊಮ್ಮೆ ಹೇಳು ಎಂದರೆ ನನ್ನಿಂದ ಆಗುವುದಿಲ್ಲ.

ನಿಮ್ಮ ಅಜ್ಜಿ